ಬದನಿಕೆ ಹಕ್ಕಿಯೂ ನಮ್ಮ ಮಾವಿನ ಮರವೂ

ನಮ್ಮ ಹೊಲದ ಬದುವಿನಲ್ಲಿ ಅಪ್ಪ ನೆಟ್ಟ ಮಾವಿನ ಮರವೊಂದಿದೆ. ವರ್ಷ ವರ್ಷಕ್ಕೂ ಫಸಲು ಇಳಿದು, ಕೊನೆಗೆ ಮನೆಯ ಉಪ್ಪಿನಕಾಯಿಗೂ ಸಾಲದಾಯಿತು. ತಲೆಯೆತ್ತಿ ನೋಡಿದರೆ ಅರ್ಧ ಮರ ಬಂದಳಿಕೆ! "ಇನ್ನೇನೈತೆ ಅದ್ರಲ್ಲಿ, ಕಡ್ದು ಬ್ಯಾರನ್‌ಗೆ ಸೌದೆ ಮಾಡಣ್ಣ" ಎಂದ ಪಕ್ಕದ ಹೊಲದವ. ಹನಗೋಡಿನ ಸುತ್ತ ಹೊಗೆಸೊಪ್ಪಿನವರಿಗೆ ಸೌದೆಯ ಚಿಂತೆ ಇದ್ದದ್ದೇ. ನನಗೆ ಮನಸ್ಸಾಗಲಿಲ್ಲ. ಈ ಬಂದಳಿಕೆ ಬರುವುದಾದರೂ ಎಲ್ಲಿಂದ ಅಂತ ನಾಲ್ಕು ದಿನ ಮರದಡಿ ಕೂತೆ.

ತರುವುದು ಒಂದು ಪುಟಾಣಿ ಹಕ್ಕಿ. ಗುಬ್ಬಿಗಿಂತಲೂ ಚಿಕ್ಕದು, ಉದ್ದ ಬರೀ 8 ಸೆಂಟಿಮೀಟರ್. ಮೈ ಮಾಸಲು ಕಂದು-ಹಸಿರು, ಕೊಕ್ಕು ಪೇಲವ, ತುಸು ಬಾಗಿದ್ದು. ಕಾಣುವುದಕ್ಕಿಂತ ಕೇಳುವುದೇ ಹೆಚ್ಚು: ಬಿಡದೆ ಚಿಕ್, ಚಿಕ್, ಚಿಕ್. ಪುಸ್ತಕದಲ್ಲಿ ಇದರ ಹೆಸರೂ ಬದನಿಕೆಯೇ. ಬದನಿಕೆ ಅಂದರೆ ಬಂದಳಿಕೆ ತಾನೆ, ಹೆಸರಿಟ್ಟವರು ನೋಡಿಯೇ ಇಟ್ಟಿದ್ದಾರೆ.

ಬಂದಳಿಕೆಯ ಮಾಗಿದ ಮೊಗ್ಗಿನ ತುದಿಯನ್ನು ಇದು ಕೊಕ್ಕಿನಿಂದ ಹಿಂಡುತ್ತದೆ. ಹೂ ಪಟ್ಟನೆ ಬಿಚ್ಚಿ ಪರಾಗ ತಲೆಗೆ ಮೆತ್ತುತ್ತದೆ. ಆಮೇಲೆ ಹಣ್ಣನ್ನೂ ಇದೇ ನುಂಗುತ್ತದೆ. ಕೆಲವೇ ನಿಮಿಷದಲ್ಲಿ ಬೀಜ ಹೊರಗೆ. ಆದರೆ ಅದು ಅಂಟು ಬೀಜ, ಉದುರದು. ಹಕ್ಕಿ ಹಿಂಭಾಗವನ್ನು ಕೊಂಬೆಗೆ ಉಜ್ಜಿ ಬಿಡಿಸಿಕೊಳ್ಳಬೇಕು. ಉಜ್ಜಿದಲ್ಲೇ ಬಿತ್ತನೆ ಆಯಿತು! ಸಲೀಂ ಅಲಿಯವರು 1931ರಲ್ಲೇ ಕೊಂಕಣದ ಬಂದಳಿಕೆಯ ಬಗ್ಗೆ ಇದನ್ನೆಲ್ಲ ಬರೆದಿದ್ದಾರೆ.

ಬಂದಳಿಕೆಗೆ ಹಸಿರೆಲೆ ಇದೆ, ಅಡುಗೆ ತಾನೇ ಮಾಡಿಕೊಳ್ಳುತ್ತದೆ. ನೀರು, ಲವಣ ಮಾತ್ರ ಮರದ್ದು. ಅಷ್ಟು ಸಾಕು ಕೊಂಬೆ ಸೊರಗಲು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದಕ್ಕೆ ಉಪ್ಪಿಲು ಎನ್ನುತ್ತಾರೆ. ಅಲ್ಲಿನ ನೆಲ್ಲಿ ಮರಗಳಲ್ಲಿ ಅದು ಹೆಚ್ಚಿದ್ದಕ್ಕೆ ತರಗುಬೆಂಕಿ ನಿಂತದ್ದೇ ಕಾರಣ ಎಂಬುದು ಅವರ ಮಾತು.

"ಹಂಗಾರೆ ಹಕ್ಕಿಗೇ ಬಲೆ ಹಾಕದು" ಎಂದ ನಮ್ಮವ. ಎಷ್ಟಕ್ಕೆ ಹಾಕುತ್ತೀರಿ? ಅದು ಹುಳ, ಜೇಡಗಳನ್ನೂ ತಿನ್ನುತ್ತದೆ. ಹಣ್ಣೇ ಇಲ್ಲದಿದ್ದರೆ ಬೀಜ ಎಲ್ಲಿಂದ ತಂದೀತು? ಹೂ ಕಂಡಾಗಲೇ, ಹಣ್ಣಾಗುವ ಮೊದಲು ಕತ್ತರಿಸಬೇಕು. ಸೊಪ್ಪು ಮಾತ್ರ ಎಳೆದರೆ ಪ್ರಯೋಜನವಿಲ್ಲ, ಮತ್ತೆ ಚಿಗುರುತ್ತದೆ. ಗಂಟಿನಿಂದ ಬೇರಿನಂಥ ಬಳ್ಳಿಗಳು ಕೊಂಬೆಗುಂಟ ಹರಿದು ಅಲ್ಲಲ್ಲಿ ಕಚ್ಚಿರುತ್ತವೆ. ಅವು ಮುಗಿದಲ್ಲಿಂದ ಬುಡದ ಕಡೆಗೆ ಇನ್ನೂ ಒಂದಡಿ ಬಿಟ್ಟು ಕೊಂಬೆಯನ್ನೇ ತೆಗೆಯಿರಿ. ನಾನು ಹನ್ನೊಂದು ಕೊಂಬೆ ತೆಗೆದೆ. ಸೊಪ್ಪು ಆಡುಗಳ ಪಾಲಾಯಿತು.

ಎರಡು ಮಳೆಗಾಲ ಕಳೆದ ಮೇಲೆ ಮರ ಮತ್ತೆ ಹಿಡಿದಿದೆ, ಮೊದಲಿನಷ್ಟಲ್ಲ. ಹೊಸ ಗಂಟು ಎರಡು ಕಂಡವು, ಅವನ್ನೂ ತೆಗೆದೆ. ಅಕ್ಕಪಕ್ಕದ ಮರಗಳಲ್ಲಿ ಇರುವವರೆಗೆ ಹಕ್ಕಿ ತರುತ್ತಲೇ ಇರುತ್ತದೆ. ಈ ಬೇಸಿಗೆಯಲ್ಲಿ ಅದೇ ಮರದಲ್ಲಿ ಅದರ ಗೂಡು, ಮೆತ್ತನೆಯ ನಾರು, ಜೇಡರ ಬಲೆ ಸೇರಿಸಿ ಹೆಣೆದ ಪುಟ್ಟ ಜೋಳಿಗೆ. ಪಕ್ಕದ ಹೊಲದವ ಮೊನ್ನೆ ಬಂದು, ಅವನ ಹುಣಸೆ ಮರಕ್ಕೆಂದು ನನ್ನ ಗರಗಸ ಕೇಳಿ ಒಯ್ದಿದ್ದಾನೆ.