ಬರಿದಾಗದ ಗಣಿ

ಕೋಲಾರದ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ಸ್‌ನಲ್ಲಿ ಜನರು ಚಿನ್ನವನ್ನರಸಿ ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಇಳಿದರು. 2001ರಲ್ಲಿ ಆ ಗಣಿಗಳು ಮುಚ್ಚಿದವು. ಅದಕ್ಕೆ ಬಹಳ ಹಿಂದೆ, ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗದ ತರುಣನೊಬ್ಬನು ಹೊಟ್ಟೆಪಾಡಿಗಾಗಿ ಈ ಗಣಿ ಪ್ರದೇಶಕ್ಕೆ ಬಂದು, ಸೋಡಾ ಕಾರ್ಖಾನೆಯೊಂದರಲ್ಲಿ ಕೆಲಕಾಲ ದುಡಿದನು. 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಆ ತರುಣನೇ ಮುಂದೆ ನಾಡಿಗೆಲ್ಲ ಡಿ.ವಿ.ಜಿ. ಎಂದು ಪರಿಚಿತರಾದ ಡಿ.ವಿ. ಗುಂಡಪ್ಪನವರು.

‘ಮಂಕುತಿಮ್ಮನ ಕಗ್ಗ’ದ ಕವಿಯೆಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಅವರು ಬೆಂಗಳೂರಿನ ನಗರಸಭೆಯ ಸದಸ್ಯರಾಗಿದ್ದುದನ್ನೂ, 1926ರಿಂದ 1940ರವರೆಗೆ ಮೈಸೂರು ಸಂಸ್ಥಾನದ ನ್ಯಾಯವಿಧಾಯಕ ಸಭೆಯಲ್ಲಿ, ಎಂದರೆ ಇಂದಿನ ವಿಧಾನ ಪರಿಷತ್ತಿನಂತಹ ಸಭೆಯಲ್ಲಿ, ಸೇವೆ ಸಲ್ಲಿಸಿದುದನ್ನೂ ಬಲ್ಲವರು ವಿರಳ.

ಸಭೆಯಲ್ಲಿ ಕುಳಿತವನು ಎಷ್ಟೇ ಯೋಗ್ಯನಾಗಿರಲಿ, ಅವನನ್ನು ಆರಿಸಿ ಕಳುಹಿಸುವ ಪ್ರಜೆಗೆ ತಿಳಿವಳಿಕೆಯಿಲ್ಲದಿದ್ದರೆ ರಾಜ್ಯದ ಆಡಳಿತವು ನೆಟ್ಟಗಾಗದು. ಆದುದರಿಂದಲೇ ಡಿ.ವಿ.ಜಿ. ಸದಸ್ಯತ್ವ ಮುಗಿದೊಡನೆ ಸೇವೆಯೂ ಮುಗಿಯಿತೆಂದು ಭಾವಿಸಲಿಲ್ಲ. ಪೌರರಿಗೆ ಸಾರ್ವಜನಿಕ ವಿಷಯಗಳ ತಿಳಿವನ್ನು ನೀಡಲೆಂದು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಅಲ್ಲಿ ಗ್ರಂಥಾಲಯವಿತ್ತು, ಉಪನ್ಯಾಸಗಳೂ ಅಧ್ಯಯನ ಗೋಷ್ಠಿಗಳೂ ನಡೆಯುತ್ತಿದ್ದವು.

1970ರಲ್ಲಿ ನಾಡು ಅವರನ್ನು ಸನ್ಮಾನಿಸಿ ನಿಧಿಯೊಂದನ್ನು ಅರ್ಪಿಸಿತು. ಡಿ.ವಿ.ಜಿ. ಸಿರಿವಂತರಲ್ಲ, ವಯಸ್ಸು ಎಂಬತ್ತನ್ನು ದಾಟಿತ್ತು. ಆದರೂ ಆ ಹಣವೆಲ್ಲವನ್ನೂ ಸಂಸ್ಥೆಗೇ ಒಪ್ಪಿಸಿಬಿಟ್ಟರು. 1975ರಲ್ಲಿ ಅವರು ಕಾಲವಾದರು.

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಕೆಲವರು ಪಂಚಾಯತಿಯಲ್ಲೋ ನಗರಸಭೆಯಲ್ಲೋ ಕುಳಿತುಕೊಳ್ಳುವಿರಿ. ಎಲ್ಲರೂ ಮತ ನೀಡುವಿರಿ. ಸಾರ್ವಜನಿಕ ಸ್ಥಾನವು ಯಾರೊಬ್ಬರ ಸ್ವತ್ತೂ ಅಲ್ಲ, ಜನರು ನಂಬಿ ಒಪ್ಪಿಸಿದ ಇಡುಗಂಟು ಎಂಬುದನ್ನು ಆಗ ನೆನೆಯಿರಿ. ಭೂಮಿಯ ಚಿನ್ನ ಅಗೆದಷ್ಟೂ ಕರಗುತ್ತದೆ. ಇಂತಹ ಬಾಳು ನೆನೆದಷ್ಟೂ ಬೆಳೆಯುತ್ತದೆ.