ಒಂದೇ ಕಷ್ಟ, ಎರಡು ದಾರಿ

ದುಡಿಯುವ ಜನರನ್ನು ಉಳ್ಳವರ ಸಣ್ಣ ಕೂಟವೊಂದು ವಂಚಿಸುತ್ತಿದೆ ಎಂಬ ಭಾವನೆ ಪ್ರಜಾಪ್ರಭುತ್ವ ರಾಷ್ಟ್ರಗಳಲ್ಲಿ ಆಗಾಗ ತಲೆಯೆತ್ತುವುದುಂಟು. ಅದು ಹೇಗೆ ಹುಟ್ಟುತ್ತದೆ, ಯಾವ ರೂಪಗಳನ್ನು ತಾಳುತ್ತದೆ ಎಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ರೈತ ಚಳವಳಿ ಉತ್ತಮ ನಿದರ್ಶನವಾಗಿದೆ.

1865ರಲ್ಲಿ ಅಂತರ್ಯುದ್ಧ ಮುಗಿದ ತರುವಾಯ ಆ ದೇಶದಲ್ಲಿ ಗೋಧಿ ಮತ್ತು ಹತ್ತಿಯ ಬೆಲೆಗಳು ದಶಕಗಳ ಕಾಲ ಕುಸಿಯುತ್ತ ಬಂದವು. ರೈತನ ಸಾಲ ಮಾತ್ರ ಕುಸಿಯಲಿಲ್ಲ. ಕಾನ್ಸಾಸ್, ನೆಬ್ರಾಸ್ಕಗಳ ಬಯಲುಗಳಲ್ಲಿ ರೈಲು ಕಂಪೆನಿ ಕೇಳಿದಷ್ಟು ಸಾಗಣೆ ದರವನ್ನು ತೆರಬೇಕಾಗಿತ್ತು. ದಕ್ಷಿಣದ ರೈತನು ಇನ್ನೂ ಕೈಸೇರದ ಹತ್ತಿಯನ್ನು ಅಂಗಡಿಕಾರನಿಗೆ ಒತ್ತೆಯಿಟ್ಟು ಬೀಜ ಬಟ್ಟೆಗಳನ್ನು ಕಡ ತರುತ್ತಿದ್ದನು.

ಒಬ್ಬೊಬ್ಬನೇ ಇದ್ದಾಗ ರೈತನಿಗೆ ಇದು ತನ್ನ ಹಣೆಬರಹವೆಂದು ತೋರುವುದು ಸಹಜ. ರೈತ ಒಕ್ಕೂಟಗಳ ಸಭೆಗಳಲ್ಲಿ ನೆರೆಹೊರೆಯವರ ಲೆಕ್ಕವನ್ನೂ ಕೇಳಿದಾಗ, ಇದು ಕಾನೂನು ಮತ್ತು ಹಣದ ವ್ಯವಸ್ಥೆಯ ದೋಷವೆಂದು ಅವನು ಅರಿತನು. ಈ ಅರಿವಿನಿಂದ ಬೆಳೆದ 'ಜನತಾ ಪಕ್ಷ'ವು 1892ರ ಜುಲೈ 4ರಂದು ಒಮಾಹಾ ನಗರದಲ್ಲಿ ತನ್ನ ಬೇಡಿಕೆಗಳನ್ನು ಸಾರಿತು. ರೈಲುಮಾರ್ಗಗಳು ಸರಕಾರದ ಒಡೆತನಕ್ಕೆ ಬರಬೇಕು, ವರಮಾನ ಹೆಚ್ಚಿದಂತೆ ತೆರಿಗೆಯೂ ಹೆಚ್ಚಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿ ಜೇಮ್ಸ್ ವೀವರ್ ಸೋತರೂ ಹತ್ತು ಲಕ್ಷಕ್ಕೂ ಮಿಕ್ಕಿ ಮತಗಳನ್ನು ಗಳಿಸಿದರು.

ಇದೇ ಅಸಮಾಧಾನಕ್ಕೆ ಇನ್ನೊಂದು ಮುಖವೂ ಇತ್ತು. ಜಾರ್ಜಿಯ ರಾಜ್ಯದ ನಾಯಕ ಟಾಮ್ ವಾಟ್ಸನ್ 1892ರಲ್ಲಿ, ಬಿಳಿಯ ರೈತರೂ ಕಪ್ಪು ರೈತರೂ ಒಂದೇ ಶೋಷಣೆಗೆ ಸಿಲುಕಿದವರು, ಆದುದರಿಂದ ಒಂದಾಗಬೇಕು ಎಂದು ವಾದಿಸಿದ್ದರು. ಸೋಲುಗಳನ್ನುಂಡ ಬಳಿಕ ಅದೇ ವಾಟ್ಸನ್ ಕಪ್ಪು ಜನರ ಮತದಾನದ ಹಕ್ಕನ್ನು ಕಸಿಯುವ ಯತ್ನವನ್ನು ಬೆಂಬಲಿಸಿದರು. ತಮ್ಮ ಪತ್ರಿಕೆಗಳಲ್ಲಿ ಯೆಹೂದ್ಯರ, ಕ್ಯಾಥೊಲಿಕರ ಮೇಲೆ ದ್ವೇಷವನ್ನು ಬಿತ್ತಿದರು. ಅವರಿಗೆ ಓದುಗರ ಕೊರತೆಯಾಗಲಿಲ್ಲ. 1920ರಲ್ಲಿ ಅವರು ಸೆನೆಟ್ ಸಭೆಗೂ ಆರಿಸಿ ಬಂದರು.

ಪಕ್ಷವು 1896ರ ಬಳಿಕ ಕ್ಷೀಣಿಸಿತು. ಆದರೆ ಅದು ಎತ್ತಿಹಿಡಿದಿದ್ದ ವರಮಾನ ತೆರಿಗೆ ಮತ್ತು ಸೆನೆಟರುಗಳ ನೇರ ಚುನಾವಣೆ 1913ರಲ್ಲಿ ಸಂವಿಧಾನದಲ್ಲಿ ಸ್ಥಾನ ಪಡೆದವು. ದ್ವೇಷದ ದಾರಿಯಾದರೋ ಯಾವ ರೈತನ ಸಾಲವನ್ನೂ ತೀರಿಸಲಿಲ್ಲ.

ಕಷ್ಟದಲ್ಲಿರುವ ಪ್ರಜೆ ಕೋಪಗೊಳ್ಳುವುದು ತಪ್ಪಲ್ಲ. 'ಯಾವ ನಿಯಮ ಬದಲಾಗಬೇಕು?' ಎಂದು ಕೇಳುವ ಕೋಪ ಸುಧಾರಣೆಗೆ ದಾರಿಯಾಗುತ್ತದೆ, 'ಯಾರನ್ನು ಹೊರಗಟ್ಟಬೇಕು?' ಎಂದು ಕೇಳುವ ಕೋಪ ನೆರೆಯವನನ್ನೇ ಶತ್ರುವಾಗಿಸುತ್ತದೆ. ಈ ಎರಡರ ಅಂತರವನ್ನು ಅರಿಯುವುದು ಮತದಾರನ ಮೊದಲ ವಿವೇಕ.