ಯಾರಿಗೆ ಏನು ಗೊತ್ತು ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನಾನು ದೊಡ್ಡ ಸಂಸ್ಥೆಯೊಂದರ ನಿರ್ವಹಣಾ ವಿಭಾಗದಲ್ಲಿದ್ದೇನೆ. ರಾಜ್ಯದ ತುಂಬ ನಮ್ಮ ಶಾಖೆಗಳಿವೆ. ಯಂತ್ರವೊಂದು ಕೆಟ್ಟು ಮೂರ್ನಾಲ್ಕು ದಿನ ಒದ್ದಾಡಿದ ಮೇಲೆ, ಇದೇ ತೊಂದರೆಯನ್ನು ಬೇರೊಂದು ಶಾಖೆಯವರು ಹೋದ ವರ್ಷವೇ ಸರಿಪಡಿಸಿದ್ದರು ಎಂದು ಗೊತ್ತಾಗುತ್ತದೆ. ‘ನಿಮ್ಮ ಪರಿಣತಿ ನಮೂದಿಸಿ’ ಎಂದು ಎಲ್ಲರಿಗೂ ಒಂದು ಫಾರಂ ಹಂಚಿದ್ದರು. ಹೆಚ್ಚಿನವರು ‘ಕಂಪ್ಯೂಟರ್ ಜ್ಞಾನ, ಎಲ್ಲರೊಂದಿಗೆ ಹೊಂದಿಕೊಂಡು ಹೋಗುವ ಗುಣ’ ಎಂದು ಬರೆದು ಕೈತೊಳೆದುಕೊಂಡರು. ಸಾವಿರಾರು ನೌಕರರಿರುವ ಕಂಪನಿಗಳು ಇದನ್ನು ಹೇಗೆ ನಿಭಾಯಿಸುತ್ತವೆ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ನಿಮ್ಮ ಸಹೋದ್ಯೋಗಿಗಳನ್ನು ಸೋಮಾರಿಗಳೆಂದು ತಿಳಿಯಬೇಡಿ. ತನಗೆ ಏನೇನು ಗೊತ್ತು ಎಂದು ಕುಳಿತು ಪಟ್ಟಿ ಮಾಡುವುದು ಯಾರಿಗೂ ಸುಲಭವಲ್ಲ. ಕೆಲಸ ಬಲ್ಲವರ ತಿಳಿವಳಿಕೆ ಹೊರಬೀಳುವುದು ಎದುರಿಗೊಂದು ತೊಂದರೆ ಬಂದು ನಿಂತಾಗ. ಆದ್ದರಿಂದ ಈ ವಿಷಯದಲ್ಲಿ ಗೆದ್ದ ಕಂಪನಿಗಳು ಪಟ್ಟಿಯನ್ನಲ್ಲ, ಪ್ರಶ್ನೆಯನ್ನು ಹಿಡಿದುಕೊಂಡು ಹೊರಟವು.

ನಿಮ್ಮ ಕೆಲಸಕ್ಕೆ ತೀರ ಹತ್ತಿರದ ಉದಾಹರಣೆ ಅಮೆರಿಕದ ಜೆರಾಕ್ಸ್ ಕಂಪನಿಯದು. ಫೋಟೊಕಾಪಿ ಯಂತ್ರಗಳನ್ನು ರಿಪೇರಿ ಮಾಡುವ ಸಾವಿರಾರು ತಂತ್ರಜ್ಞರು ಅದರಲ್ಲಿದ್ದರು. ಯಾವ ದೋಷಕ್ಕೆ ಏನು ಮಾಡಬೇಕು ಎಂದು ಹೆಜ್ಜೆ ಹೆಜ್ಜೆಯಾಗಿ ಹೇಳುವ ದಪ್ಪ ಕೈಪಿಡಿಗಳನ್ನು ಕಂಪನಿ ಅವರಿಗೆ ಕೊಟ್ಟಿತ್ತು. ಅವನ್ನು ನೋಡಿ ಮಾಡಿದರೆ ಸಾಕು ಎಂಬುದು ಮೇಲಿನವರ ನಂಬಿಕೆ. ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದ ಮಾನವಶಾಸ್ತ್ರಜ್ಞ ಜೂಲಿಯನ್ ಆರ್, 1980ರ ದಶಕದಲ್ಲಿ ಈ ತಂತ್ರಜ್ಞರ ಬೆನ್ನಿಗೇ ಓಡಾಡಿ ನೋಡಿದರು. ಕಂಡದ್ದು ಬೇರೆಯೇ. ಕೈಪಿಡಿಯಲ್ಲಿದ್ದ ದೋಷಗಳು ಅವರಿಗೆ ದೊಡ್ಡ ಸಮಸ್ಯೆಯೇ ಆಗಿರಲಿಲ್ಲ. ಕಾಡುತ್ತಿದ್ದದ್ದು ಕೈಪಿಡಿ ಬರೆದವರು ಊಹಿಸಿರದ ದೋಷಗಳು. ಅವಕ್ಕೆ ಮದ್ದು ಸಿಗುತ್ತಿದ್ದದ್ದು ತಿಂಡಿ, ಊಟ, ಕಾಫಿಯ ಹೊತ್ತಿನ ಹರಟೆಯಲ್ಲಿ: ‘ಆ ಆಫೀಸಿನ ಮಷಿನ್ ಹೀಗೇ ಆಟ ಆಡಿಸಿತ್ತು, ಕೊನೆಗೆ ನೋಡಿದರೆ...’ ಎಂದು ಶುರುವಾಗುವ ಕಥೆಗಳಲ್ಲಿ. ಕಂಪನಿಯ ಲೆಕ್ಕದಲ್ಲಿ ಅದು ಪೋಲಾದ ಸಮಯ, ತಂತ್ರಜ್ಞರಿಗೆ ಅದೇ ಪಾಠಶಾಲೆ. ಆರ್ ಅವರು ಇದನ್ನೆಲ್ಲ 1996ರಲ್ಲಿ ಪುಸ್ತಕವಾಗಿ ತಂದರು.

ಅದೇ ಕೇಂದ್ರದ ಕೃತಕ ಬುದ್ಧಿಮತ್ತೆಯ ಸಂಶೋಧಕರು ಯಂತ್ರದ ದೋಷವನ್ನು ತಾನೇ ಪತ್ತೆಹಚ್ಚುವ ಒಂದು ಜಾಣ ತಂತ್ರಾಂಶ ಮಾಡಿ ತಂತ್ರಜ್ಞರ ಮುಂದಿಟ್ಟರು. ಅವರು ಅದಕ್ಕೆ ಮರುಳಾಗಲಿಲ್ಲ. ಪಾಠದಲ್ಲಿ ಹೇಳಿಕೊಟ್ಟಿರುವ ದೋಷಕ್ಕೆ ತಂತ್ರಾಂಶ ಯಾಕೆ, ಪಾಠದಲ್ಲಿ ಇಲ್ಲದ್ದಕ್ಕೆ ಏನಾದರೂ ಮಾಡಿ ಎಂಬುದು ಅವರ ಬೇಡಿಕೆಯಾಗಿತ್ತು. ಆಗ ಹುಟ್ಟಿದ್ದೇ ತಂತ್ರಜ್ಞರೇ ಬರೆದ ಸೂಚನೆಗಳ ಸಂಗ್ರಹ, ‘ಯುರೇಕಾ’.

ಇದು 1990ರ ದಶಕದಲ್ಲಿ ಮೊದಲು ಫ್ರಾನ್ಸಿನಲ್ಲಿ, ಅಲ್ಲಿ ಮನೆಮಾತಾಗಿದ್ದ ‘ಮಿನಿಟೆಲ್’ ಜಾಲದ ಮೂಲಕ ಬಳಕೆಗೆ ಬಂತು. ಆಮೇಲೆ ಕೆನಡಾ, ಅಮೆರಿಕ ಮತ್ತು ಇತರ ದೇಶಗಳಿಗೂ ಹೋಯಿತು. ಅದರ ನಿಯಮಗಳು ಸರಳವಾಗಿದ್ದವು. ಕೈಪಿಡಿಯಲ್ಲಿಲ್ಲದ ದೋಷವನ್ನು ಸರಿಪಡಿಸಿದ ತಂತ್ರಜ್ಞ ಅದರ ಲಕ್ಷಣ, ಕಾರಣ, ಪರಿಹಾರ ಮೂರನ್ನೂ ಚುಟುಕಾಗಿ ಬರೆದು ಕಳಿಸಬೇಕಿತ್ತು. ಅದನ್ನು ಒಪ್ಪುವುದೋ, ತಿದ್ದುವುದೋ, ಬಿಡುವುದೋ ಎಂದು ತೀರ್ಮಾನಿಸುತ್ತಿದ್ದವರು ಮ್ಯಾನೇಜರುಗಳಲ್ಲ, ಅದೇ ಕೆಲಸದಲ್ಲಿ ಪಳಗಿದ ಇತರ ತಂತ್ರಜ್ಞರು. ಒಪ್ಪಿಗೆಯಾದರೆ ಬರೆದವರ ಹೆಸರಿನೊಂದಿಗೆ ಅದು ಎಲ್ಲರಿಗೂ ಸಿಗುತ್ತಿತ್ತು. ಬ್ರೆಜಿಲ್‌ನಲ್ಲಿ ಗ್ರಾಹಕರೊಬ್ಬರು ಸುಮಾರು 40,000 ಡಾಲರ್ ಬೆಲೆಯ ಯಂತ್ರವನ್ನೇ ಬದಲಿಸಿಕೊಡಿ ಎಂದು ಪಟ್ಟು ಹಿಡಿದಿದ್ದರು. ಕೆನಡಾದ ಮಾಂಟ್ರಿಯಲ್‌ನ ತಂತ್ರಜ್ಞರೊಬ್ಬರು ಬರೆದಿಟ್ಟಿದ್ದ ಸೂಚನೆ ಅಲ್ಲಿನ ತಂತ್ರಜ್ಞನ ಕಣ್ಣಿಗೆ ಬಿತ್ತು. ಫ್ಯೂಸ್ ಕೂರಿಸುವ ಪುಡಿಗಾಸಿನ ಭಾಗವೊಂದನ್ನು ಬದಲಿಸಿದ್ದೇ ತಡ, ಯಂತ್ರ ಸರಿಹೋಯಿತು. ನೀವು ಕೇಳಿದ ‘ಇನ್ನೊಂದು ಶಾಖೆ’ಯ ಕಥೆ ಇದೇ ತಾನೆ?

ಇಲ್ಲಿ ಹಣದ ಮಾತೂ ಬಂತು. ಪ್ರತಿ ಸೂಚನೆಗೂ ಬಹುಮಾನ ಕೊಡೋಣ ಎಂಬ ಸಲಹೆಗೆ ಬೇಡ ಎಂದವರು ತಂತ್ರಜ್ಞರೇ. ದುಡ್ಡಿಟ್ಟರೆ ಎಷ್ಟು ಬರೆದೆ ಎಂಬುದು ಲೆಕ್ಕಕ್ಕೆ ಬರುತ್ತದೆ, ಏನು ಬರೆದೆ ಎಂಬುದು ಹಿಂದೆ ಬೀಳುತ್ತದೆ ಎಂಬುದು ಅವರ ವಾದ. ಓರಗೆಯವರ ಕಣ್ಣಲ್ಲಿ ‘ಇವನು ಕೆಲಸಗಾರ’ ಎನಿಸಿಕೊಳ್ಳುವುದೇ ಅವರಿಗೆ ಬೇಕಿದ್ದ ಸಂಭಾವನೆ.

ಅವರ ಅನುಮಾನ ಹುಸಿಯಲ್ಲ ಎಂಬುದಕ್ಕೆ ನಮ್ಮ ಬೆಂಗಳೂರಿನಲ್ಲೇ ಸಾಕ್ಷಿ ಇದೆ. ಇನ್ಫೋಸಿಸ್ ಈ ವಿಷಯದಲ್ಲಿ ಬಹಳ ಮುಂಚೆಯೇ ಕಣ್ಣು ತೆರೆದ ಭಾರತೀಯ ಕಂಪನಿ. ಅನುಭವದ ಬರಹಗಳನ್ನು ಕೂಡಿಡುವ ‘ಕೆ-ಶಾಪ್’ ಅಲ್ಲಿತ್ತು. ಯಾವ ವಿಷಯಕ್ಕೆ ಯಾರನ್ನು ಕೇಳಬಹುದು ಎಂದು ತೋರಿಸುವ, ಪರಿಣತರು ತಾವಾಗಿ ಹೆಸರು ನೋಂದಾಯಿಸುವ ‘ಪೀಪಲ್ ನಾಲೆಡ್ಜ್ ಮ್ಯಾಪ್’ ಕೂಡ ಇತ್ತು. ಹಂಚಿಕೊಳ್ಳುವವರಿಗೆ ಹುಮ್ಮಸ್ಸು ಬರಲೆಂದು 2001ರಲ್ಲಿ ‘ನಾಲೆಡ್ಜ್ ಕರೆನ್ಸಿ ಯೂನಿಟ್’ ಎಂಬ ಅಂಕಗಳನ್ನು ತಂದರು. ಕೂಡಿಟ್ಟ ಅಂಕಗಳಿಗೆ ಪ್ರತಿಫಲವೂ ಇತ್ತು. ಬರಹಗಳು ರಾಶಿ ಬಿದ್ದವು. ಅವನ್ನು ಪರಿಶೀಲಿಸುವವರಿಗೆ ಬಿಡುವಿಲ್ಲದಾಯಿತು, ಹುಡುಕುವವರಿಗೆ ಗಟ್ಟಿ ಯಾವುದು ಜೊಳ್ಳು ಯಾವುದು ತಿಳಿಯದಾಯಿತು. ಯಾರೂ ಕೇಳದ ಪ್ರಶ್ನೆಗಳಿಗೆ ಉತ್ತರ ಬರೆದರೆ ಹೀಗಾಗುವುದು ಸಹಜ. ಕಂಪನಿ ಇದನ್ನು ಬೇಗ ಗುರುತಿಸಿ, ಮರುವರ್ಷವೇ ನಿಯಮ ಬದಲಿಸಿತು. ಹಣದ ಆಸೆಯನ್ನು ತಗ್ಗಿಸಿ, ಬರಹ ಓದುವವರಿಗೆ ಎಷ್ಟು ಉಪಯೋಗವಾಯಿತು ಎಂಬುದಕ್ಕೆ ಹೆಚ್ಚು ತೂಕ ಕೊಟ್ಟಿತು. ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ ಎಂಬ ವಿದ್ವಾಂಸರು 2005ರಲ್ಲಿ ಈ ಏರಿಳಿತವನ್ನು ವಿವರವಾಗಿ ದಾಖಲಿಸಿದ್ದಾರೆ.

ಪ್ರಶ್ನೆಯನ್ನೇ ಮುಂದಿಟ್ಟ ಇನ್ನೊಂದು ಪದ್ಧತಿ ಬ್ರಿಟನ್ನಿನ ತೈಲ ಕಂಪನಿ ಬಿಪಿಯದು. 1990ರ ದಶಕದಲ್ಲಿ ಅಲ್ಲಿ ‘ಪಿಯರ್ ಅಸಿಸ್ಟ್’ ಎಂಬ ರೂಢಿ ಬೆಳೆಯಿತು. ದೊಡ್ಡ ಕೆಲಸಕ್ಕೆ ಕೈಹಾಕುವ ತಂಡ, ಶುರು ಮಾಡುವ ಮೊದಲೇ ಅಂಥ ಕೆಲಸ ಮಾಡಿದ ಬೇರೆ ಕಡೆಯ ನೌಕರರನ್ನು ಕರೆಸಿ ‘ನಾವು ಹೀಗೆ ಮಾಡಬೇಕೆಂದಿದ್ದೇವೆ, ಎಲ್ಲಿ ಎಡವುತ್ತೇವೆ ಹೇಳಿ’ ಎಂದು ಕೇಳುತ್ತದೆ. ಬಂದವರು ಮೇಲಧಿಕಾರಿಗಳಲ್ಲ, ಸಮಾನರು. ಹಾಗಾಗಿ ಕೇಳಲು ಸಂಕೋಚವಿಲ್ಲ, ಹೇಳಲು ಬಿಗುಮಾನವಿಲ್ಲ.

ಬಲ್ಲವರು ಹೋಗಿ ಕೆಲಸವೇ ನಿಂತುಬಿಟ್ಟರೆ ಏನಾಗುತ್ತದೆ? ಅಮೆರಿಕದ ಅಣ್ವಸ್ತ್ರ ಇಲಾಖೆಗೇ ಅದರ ಬಿಸಿ ತಟ್ಟಿದೆ. ಕ್ಷಿಪಣಿಗಳ ಸಿಡಿತಲೆಯೊಂದರಲ್ಲಿ ಬಳಸುವ ‘ಫಾಗ್‌ಬ್ಯಾಂಕ್’ ಎಂಬ ಗುಟ್ಟಿನ ವಸ್ತುವನ್ನು ಟೆನೆಸಿ ರಾಜ್ಯದ ಓಕ್ ರಿಜ್‌ನಲ್ಲಿ 1989ರವರೆಗೆ ತಯಾರಿಸುತ್ತಿದ್ದರು. 2000ದ ನಂತರ ಮತ್ತೆ ಬೇಕಾಯಿತು. ಅಷ್ಟರಲ್ಲಿ ಹಳೆಯ ಕಾರ್ಖಾನೆ ಇರಲಿಲ್ಲ, ಬಲ್ಲವರಲ್ಲಿ ಹೆಚ್ಚಿನವರು ನಿವೃತ್ತರಾಗಿದ್ದರು ಅಥವಾ ಬಿಟ್ಟುಹೋಗಿದ್ದರು, ದಾಖಲೆಗಳೂ ಅಷ್ಟಕ್ಕಷ್ಟೆ. ವರ್ಷಗಟ್ಟಲೆ ಹೆಣಗಿ, ಕೋಟಿಗಟ್ಟಲೆ ಡಾಲರ್ ಸುರಿದ ಮೇಲೆ ಕಾರಣ ತಿಳಿಯಿತು: ಹಿಂದೆ ಕಚ್ಚಾವಸ್ತುವಿನಲ್ಲಿದ್ದ ಒಂದು ಕಲ್ಮಶವೇ ಆ ವಸ್ತುವಿಗೆ ಗುಣ ಕೊಡುತ್ತಿತ್ತು. ಹೊಸ ವಿಧಾನ ಅದನ್ನು ಶುದ್ಧಗೊಳಿಸಿ ತೆಗೆದುಹಾಕುತ್ತಿತ್ತು. ವಿಚಿತ್ರವೆಂದರೆ, ಮೊದಲು ತಯಾರಿಸಿದವರಿಗೂ ಕಲ್ಮಶದ ಮಹತ್ವ ಗೊತ್ತಿರಲಿಲ್ಲ. ಅವರ ಕೈಗೆ ನಿಮ್ಮ ಫಾರಂ ಕೊಟ್ಟಿದ್ದರೂ ಅದನ್ನು ಬರೆಯುತ್ತಿರಲಿಲ್ಲ. ಅದು ಉಳಿಯಲು ಒಂದೇ ದಾರಿಯಿತ್ತು, ಆ ಕೆಲಸ ನಿಲ್ಲದೆ ನಡೆಯುತ್ತಿರಬೇಕಿತ್ತು.

ಈಗ ನಿಮ್ಮ ಶಾಖೆಗೆ ಬರೋಣ. ಫಾರಂ ಬದಿಗಿಡಿ. ನಿರ್ವಹಣಾ ವಿಭಾಗದ ಪ್ರತಿಯೊಬ್ಬರನ್ನೂ ಒಂದೇ ಮಾತು ಕೇಳಿ: ‘ಕಳೆದ ವರ್ಷ ಕೆಲಸ ಕೈಕೊಟ್ಟಾಗ ಯಾರಿಗೆ ಫೋನ್ ಮಾಡಿದಿರಿ?’ ಮತ್ತೆ ಮತ್ತೆ ಬರುವ ಹೆಸರುಗಳೇ ನಿಮ್ಮ ಪರಿಣತರು. ಹುದ್ದೆಯ ಪಟ್ಟಿಯಲ್ಲಿ ಅವರು ತೀರ ಕೆಳಗಿರಬಹುದು. ಎರಡನೆಯದಾಗಿ, ಯಾವುದೇ ಶಾಖೆಯವರು ತೊಂದರೆಯನ್ನು ಫೋಟೊ ಸಮೇತ ಹಾಕಿ ಕೇಳಬಲ್ಲ ಒಂದೇ ಒಂದು ಜಾಗ ಮಾಡಿ. ವಾಟ್ಸ್‌ಆ್ಯಪ್ ಗುಂಪಾದರೂ ಅಡ್ಡಿಯಿಲ್ಲ. ಆದರೆ ಅಲ್ಲಿನ ಒಳ್ಳೆಯ ಉತ್ತರಗಳು ಹಬ್ಬದ ಶುಭಾಶಯಗಳ ನಡುವೆ ಕಳೆದುಹೋಗದಂತೆ, ಪಳಗಿದ ಇಬ್ಬರು ಮೂವರು ಅವನ್ನು ಆರಿಸಿ, ಉತ್ತರಿಸಿದವರ ಹೆಸರಿನೊಂದಿಗೆ ಬೇರೆಡೆ ಬರೆದಿಡಬೇಕು. ಮೂರನೆಯದಾಗಿ, ನಿವೃತ್ತಿ ಹತ್ತಿರ ಬಂದವರಿಂದ ಕೊನೆಯ ವಾರ ಟಿಪ್ಪಣಿ ಬರೆಸಿಕೊಳ್ಳುವ ಬದಲು, ಆರು ತಿಂಗಳ ಮೊದಲೇ ಕಿರಿಯರೊಬ್ಬರನ್ನು ಅವರ ಜೊತೆ ಪ್ರತಿ ರಿಪೇರಿಗೂ ಕಳಿಸಿ.

ಕೊನೆಯದಾಗಿ, ನಿಮ್ಮ ಮೇಲಧಿಕಾರಿಗಳಿಗೆ ಹೇಳಬೇಕಾದ ಮಾತು. ದಿನಕ್ಕೆ ಹತ್ತು ಮಂದಿಗೆ ಫೋನಿನಲ್ಲಿ ದಾರಿ ತೋರಿಸುವ ನೌಕರನ ಸ್ವಂತ ಕೆಲಸ ಆ ದಿನ ಹಿಂದೆ ಬೀಳುತ್ತದೆ. ವರ್ಷದ ಕೊನೆಗೆ ಅವನ ಲೆಕ್ಕದಲ್ಲಿ ಕಾಣುವುದು ಆ ಹಿನ್ನಡೆ ಮಾತ್ರವಾದರೆ, ಮುಂದಿನ ವರ್ಷ ಅವನು ಫೋನ್ ಎತ್ತುವುದಿಲ್ಲ. ಉತ್ತರ ಹೇಳುವುದನ್ನೂ ಕೆಲಸವೆಂದೇ ಎಣಿಸಿ, ಅದಕ್ಕೆ ಸಮಯ ಬಿಟ್ಟುಕೊಡಿ. ಇದೊಂದು ಆಗದಿದ್ದರೆ ಉಳಿದ ಮೂರು ಉಪಾಯಗಳೂ ನಿಮ್ಮ ಹಳೆಯ ಫಾರಂ ಸೇರಿದ ಕಡತವನ್ನೇ ಸೇರುತ್ತವೆ.